ಎಡ ಅಂಗೈಯ ಮೇಲೆ ನಿಂಬೆಹಣ್ಣು

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಇಳಿಯುವ ಸ್ಟಾಪಿಗೆ ಬಹಳ ಮೊದಲೇ ಎದ್ದು ಬಾಗಿಲ ಬಳಿ ನಿಂತಿರುತ್ತೇನೆ. ಊಟಕ್ಕೆ ಕೂತರೆ ಒಲೆಯ ಮೇಲೆ ಹಾಲು ಬಿಟ್ಟು ಬಂದ ಹಾಗೆ ಅನ್ನಿಸುತ್ತದೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅಮ್ಮ ಬೈಯುತ್ತಿದ್ದಳು. ಆದರೆ ಅವಳೇ ನನಗೆ ಕಲಿಸಿದ ಕಸುಬು ಮಾತ್ರ ನಿಧಾನದ್ದು. ಬಾಣಂತಿಯರಿಗೂ ಎಳೆಗೂಸುಗಳಿಗೂ ಎಣ್ಣೆ ತಿಕ್ಕಿ ನೀರು ಹಾಕುವುದು ಅವಳ ಕೆಲಸ. ಅವಳ ಹಿಂದೆ ಎಣ್ಣೆ ಬಟ್ಟಲು ಹಿಡಿದು ಓಡಾಡಿದ ನಾನು ಆಮೇಲೆ ತುಮಕೂರಿನಲ್ಲಿ ಮಸಾಜ್ ಕೋರ್ಸ್ ಮಾಡಿ, ಒಂದು ಚಿಕಿತ್ಸಾಲಯದಲ್ಲಿ ಕೆಲವು ವರ್ಷ ದುಡಿದು, ಮೇಲಿನವರ ಜೊತೆ ಜಗಳವಾಡಿ ಬಿಟ್ಟು, ಮನೆಮನೆಗೆ ಹೋಗಲು ಶುರು ಮಾಡಿದೆ. ಕಾರಣ ಕೇಳಿದವರಿಗೆ ಬೇರೆ ಏನೇನೋ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಅದೇ ಗೋಡೆ, ಅದೇ ಮಂಚ, ಅದೇ ಫ್ಯಾನು ನೋಡಿ ನೋಡಿ ತಲೆ ಚಿಟ್ಟು ಹಿಡಿದಿತ್ತು.

ಮನೆ ಕ್ಯಾತ್ಸಂದ್ರದಲ್ಲಿ. ಬೆಳಿಗ್ಗೆ ಗುಬ್ಬಿ ಕಡೆಯ ಬಸ್ಸು, ಮಧ್ಯಾಹ್ನ ತುಮಕೂರಿನ ಮನೆಗಳು, ಭಾನುವಾರ ಕುಣಿಗಲ್. ಕುಣಿಗಲ್ಲಿನಲ್ಲಿ ನನ್ನ ತಮ್ಮನ ಸೈಕಲ್ ಶಾಪ್ ಇದೆ. ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಫ್ರೀ ಟಿಕೆಟ್ ಬಂದಮೇಲಂತೂ ನನಗೆ ಹಬ್ಬ. ನಿಂತ ಕಡೆ ನಿಲ್ಲುವ ಅಗತ್ಯವೇ ಇಲ್ಲವಾಯಿತು. ಬ್ಯಾಗಿನಲ್ಲಿ ಎಳ್ಳೆಣ್ಣೆ, ಹರಳೆಣ್ಣೆ, ಎರಡು ಟವೆಲು. ಗುಬ್ಬಿ ಗೇಟ್ ದಾಟುವಷ್ಟರಲ್ಲಿ ಕಂಡಕ್ಟರು ನನ್ನ ಹತ್ತಿರ ಯಾವ ಊರು ಎಂದು ಕೇಳುವುದನ್ನೂ ಬಿಟ್ಟಿದ್ದ.

ನನ್ನ ಪಾಲಿಗೆ ಹೆಚ್ಚಾಗಿ ಬರುತ್ತಿದ್ದದ್ದು ಲಕ್ವ ಹೊಡೆದ ಕೈಕಾಲುಗಳು. ತುಮಕೂರಿನ ಫಿಸಿಯೋಥೆರಪಿಸ್ಟ್ ಹುಡುಗಿಯೊಬ್ಬಳು ಅಂಥ ರೋಗಿಗಳ ವಿಳಾಸ ನನಗೆ ಕೊಡುತ್ತಿದ್ದಳು. ನನಗಿಂತ ಬಹಳ ಚಿಕ್ಕವಳು, ಆದರೆ ಕೆಲಸದಲ್ಲಿ ಗಟ್ಟಿಗಿತ್ತಿ. "ನೀವು ಸಡಿಲ ಮಾಡ್ಕೊಡಿ ಅಕ್ಕ, ನಾನು ಕೆಲಸ ಕಲಿಸ್ತೀನಿ" ಎನ್ನುತ್ತಿದ್ದಳು. ನಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು. ಗುಬ್ಬಿಯ ಅಜ್ಜಿಯ ವಿಳಾಸ ಕೊಟ್ಟವಳೂ ಅವಳೇ.

ಅಜ್ಜಿ ಕಡಬದ ಕಡೆಯವರು. ಊರಿನ ಹೆಂಗಸರ ಹಾಲಿನ ಡೈರಿಗೆ ಬಹಳ ವರ್ಷ ಕಾರ್ಯದರ್ಶಿಯಾಗಿದ್ದರು. ನೀರು ಬೆರೆಸಿದ ಹಾಲನ್ನು ಅಳತೆಗೆ ಹಾಕುವ ಮೊದಲೇ, ಕ್ಯಾನಿನ ಮುಚ್ಚಳ ತೆಗೆಯುತ್ತಿದ್ದಂತೆ, ಹೇಳಿಬಿಡುತ್ತಿದ್ದರಂತೆ. ಮನೆಯಲ್ಲೂ ಅದೇ ದರ್ಬಾರು. ಸಾರಿಗೆ ಹುಳಿ ಸಾಲದು, ಪಲ್ಯಕ್ಕೆ ಒಗ್ಗರಣೆ ಸೀದಿದೆ, ಮುದ್ದೆ ಗಂಟು. ಸೊಸೆ ಮದುವೆಯಾಗಿ ಬಂದ ದಿನದಿಂದ ಒಂದೇ ಒಂದು ಹೊತ್ತೂ ಸುಮ್ಮನೆ ಉಂಡವರಲ್ಲವಂತೆ. ಲಕ್ವ ಹೊಡೆದದ್ದು ಎಡಭಾಗಕ್ಕೆ. ಮಾತು ಚೆನ್ನಾಗಿಯೇ ಇತ್ತು, ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುವಷ್ಟಕ್ಕೂ ಬಂದಿದ್ದರು. ಆದರೆ ಎಡಗೈ ಮಾತ್ರ ಮೊಣಕೈಯಲ್ಲಿ ಮಡಚಿ, ಹೆಬ್ಬೆರಳನ್ನು ಒಳಗೆ ಮುಚ್ಚಿಕೊಂಡು, ಹೊಟ್ಟೆಗೆ ಅಂಟಿಕೊಂಡಿತ್ತು.

ಮೊದಲ ದಿನ ಹೋದಾಗ ಬಿಸಿಲು ಚೆನ್ನಾಗಿ ಏರಿತ್ತು. ಅಜ್ಜಿಯ ಮುಂದಿನ ತಟ್ಟೆಯಲ್ಲಿ ದೋಸೆ ತಣ್ಣಗಾಗಿ ಬಿರುಸಾಗಿತ್ತು. ಅವರು ಅದನ್ನು ಮುಟ್ಟದೆ, ಬಲಗೈಯಿಂದ ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಹಿಡಿದುಕೊಂಡು, ಗೋಡೆ ನೋಡುತ್ತಾ ಕೂತಿದ್ದರು. ನಮ್ಮ ಮನೆಯಲ್ಲಿ ಲಿಂಗ ಕಟ್ಟುವ ಪದ್ಧತಿ ಇಲ್ಲ. ಆದರೆ ತುಮಕೂರಿನವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯ ಮೇಲೆ ಇಟ್ಟುಕೊಳ್ಳಬೇಕು, ಬಲಗೈಯಿಂದ ವಿಭೂತಿ ಹಚ್ಚಿ ಪತ್ರೆ ಏರಿಸಬೇಕು, ಅದನ್ನೇ ದಿಟ್ಟಿಸುತ್ತಾ ಕೂರಬೇಕು. ಆಮೇಲೆಯೇ ತಿಂಡಿ. ಅಜ್ಜಿಗೆ ಆ ಎಡ ಅಂಗೈಯೇ ಇರಲಿಲ್ಲ.

ಸೊಸೆ ನನ್ನನ್ನು ಅಡುಗೆ ಮನೆಗೆ ಕರೆದು ಎಲ್ಲ ಹೇಳಿದಳು. ಮೊದಮೊದಲು ಅವಳೇ ಅತ್ತೆಯ ಬೆರಳು ಬಿಡಿಸಿ, ಕೆಳಗಿನಿಂದ ಕೈ ಹಿಡಿದು ಪೂಜೆ ಮಾಡಿಸುತ್ತಿದ್ದಳಂತೆ. ಒಂದು ದಿನ ಆ ಕೈ ತಾನಾಗಿಯೇ ಸೆಟೆದು ಹೊರಳಿತು. ಲಿಂಗ ಜಾರಿ ಮಡಿಲಿಗೆ ಬಿತ್ತು. ಮಡಿಲಿಗೇ ಬಿದ್ದಿದ್ದು, ನೆಲಕ್ಕಲ್ಲ. ಆದರೂ ಅಜ್ಜಿ ಅವತ್ತಿಡೀ ನೀರು ಕುಡಿಯಲಿಲ್ಲ. ಅವತ್ತಿನಿಂದ ಲಿಂಗ ಕರಡಿಗೆಯಿಂದ ಹೊರಗೆ ಬಂದಿರಲಿಲ್ಲ. ದಿನಾ ಹೀಗೆ ಹಿಡಿದುಕೊಂಡು ಕೂರುವುದು, ಪೂಜೆ ಆಗಲಿಲ್ಲ ಎಂಬ ಸಂಕಟದಲ್ಲೇ ತಣ್ಣಗಾದದ್ದನ್ನು ಎರಡು ತುತ್ತು ನುಂಗುವುದು. ಮೈ ಇಳಿದು ಹೋಗಿತ್ತು.

"ಬೈಯೋದೂ ಬಿಟ್ಬಿಟ್ಟವ್ರೆ ಅಕ್ಕ. ಉಪ್ಪು ಹಾಕೋದೇ ಮರ್ತೋಗಿದ್ದೆ ಮೊನ್ನೆ. ಸುಮ್ನೆ ಉಂಡ್ರು" ಎಂದು ಸೊಸೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ಊರಿನ ಮಠದ ಅಯ್ಯನವರು ಬಂದು, ಬಲಗೈಯಲ್ಲಿ ಹಿಡಿದರೂ ನಡೆಯುತ್ತದೆ, ಶಿವ ಬೇಡ ಅನ್ನುವುದಿಲ್ಲ ಎಂದು ಸಮಾಧಾನ ಹೇಳಿ ಹೋಗಿದ್ದರು. ನಾನೂ ಜಾಣತನ ತೋರಿಸಲು ಅದೇ ಮಾತು ಎತ್ತಿದೆ. ಅಜ್ಜಿ ನನ್ನತ್ತ ತಿರುಗಿದರು.

"ಶಿವ ಬ್ಯಾಡ ಅನ್ನಲ್ಲ ಕಣೇ. ನಾನ್ ಬ್ಯಾಡ ಅಂತೀನಿ. ನಿನ್ ಕೆಲ್ಸ ಮಾಡು."

ನನಗೆ ಅಜ್ಜಿ ಅಲ್ಲೇ ಹಿಡಿಸಿಬಿಟ್ಟರು.

ಬಿಸಿ ಎಣ್ಣೆ ಹಚ್ಚಿ, ಭುಜದಿಂದ ಇಳಿದು, ಮೊಣಕೈ ಸಡಿಲ ಮಾಡಿ, ಅಂಗೈಯ ಬುಡಕ್ಕೆ ಹೆಬ್ಬೆರಳು ಒತ್ತಿ ಹಿಡಿದರೆ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಮೆಲ್ಲಗೆ ತಿರುಗಿಸಿದರೆ ಅಂಗೈ ಮೇಲಕ್ಕೂ ಬರುತ್ತಿತ್ತು. ಅಜ್ಜಿ ಅದನ್ನೇ ನೋಡುತ್ತಿದ್ದರು, ಬಹಳ ದಿನದ ಮೇಲೆ ಮನೆಗೆ ಬಂದ ನೆಂಟರನ್ನು ನೋಡುವ ಹಾಗೆ. ನಾನು ಕೈ ಬಿಟ್ಟರೆ ಮುಗಿಯಿತು. ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಮುಷ್ಟಿ ಮತ್ತೆ ಮುಚ್ಚಿರುತ್ತಿತ್ತು. ಮುಂದಿನ ಸಲ ಬಂದಾಗ ಮತ್ತೆ ಮೊದಲಿನಿಂದ. ಇದರಿಂದ ನನಗೆ ಮೈ ಪರಚಿಕೊಳ್ಳುವ ಹಾಗೆ ಆಗುತ್ತಿತ್ತು. ನಾನು ಇಲ್ಲದಾಗ ಈ ಕೆಲಸ ಮುಂದುವರಿಸುವ ಏನಾದರೊಂದು ಬೇಕು ಎಂಬ ಯೋಚನೆ ತಲೆಗೆ ಹೊಕ್ಕಿತು, ಹೊಕ್ಕಿದ್ದು ಹೊರಗೆ ಬರಲಿಲ್ಲ.

ಮೊದಲು ಬಾಗಿಲ ಚೌಕಟ್ಟಿಗೆ ಬಾವಿಯ ರಾಟೆ ಕಟ್ಟಿ, ಹಗ್ಗದ ಎರಡೂ ತುದಿಗೆ ಮರದ ಹಿಡಿ ಹಾಕಿಸಿದೆ. ಬಲಗೈ ಎಳೆದರೆ ಎಡಗೈ ಏಳುತ್ತದೆ. ಎದ್ದಿತು ಕೂಡ. ಆದರೆ ಹಿಡಿ ಸಿಕ್ಕಿದ್ದೇ ತಡ ಎಡಗೈ ಅದನ್ನು ಕಚ್ಚಿ ಹಿಡಿದು ಇನ್ನಷ್ಟು ಬಿಗಿಯಾಯಿತು. ಬಿಡಿಸಲು ನಾನೂ ಸೊಸೆಯೂ ಸೇರಿ ಹೆಣಗಿದೆವು. ವಿಡಿಯೋ ಮಾಡಿ ಫಿಸಿಯೋ ಹುಡುಗಿಗೆ ಕಳಿಸಿದರೆ ಅವಳು ಫೋನ್ ಮಾಡಿದಳು.

"ಅಕ್ಕ, ಹಿಡ್ಕೊಳ್ಳೋದು ಆ ಕೈಗೆ ಗೊತ್ತು. ಬಿಡೋದು ಮರ್ತಿದೆ. ಹಿಡಿಯೋಕೆ ಏನೂ ಕೊಡ್ಬೇಡಿ. ಇನ್ನೊಂದು, ಅವಸರ ಮಾಡ್ಬೇಡಿ. ಜೋರಾಗಿ ಎಳೆದಷ್ಟೂ ಅದು ಜೋರಾಗಿ ವಾಪಸ್ ಎಳೆಯುತ್ತೆ."

ಅವಸರ ಮಾಡಬೇಡಿ ಎಂದು ನನಗೆ! ಅವತ್ತು ಗುಬ್ಬಿಯಿಂದ ತುಮಕೂರಿನವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ನಿಂತಲ್ಲೇ ಕಂಬಿಗೆ ಅಂಗೈ ಆನಿಸಿ ಮೇಲೆ ಕೆಳಗೆ ತಿರುಗಿಸಿ ನೋಡುತ್ತಿದ್ದೆ. ಪಕ್ಕದ ಹೆಂಗಸು ಮಗುವನ್ನು ಆಚೆಗೆ ಎಳೆದುಕೊಂಡಳು.

ಉತ್ತರ ಸಿಕ್ಕಿದ್ದು ಕುಣಿಗಲ್ಲಿನಲ್ಲಿ. ತಮ್ಮ ಒಂದು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿಕೊಂಡು ಕೈಯಿಂದ ಪೆಡಲ್ ತಿರುಗಿಸುತ್ತಾ ಹಿಂದಿನ ಚಕ್ರ ನೋಡುತ್ತಿದ್ದ. ತಿರುಗಿಸುವುದು ಇಲ್ಲಿ, ತಿರುಗುವುದು ಅಲ್ಲಿ. ನಾನು ಟೀ ಲೋಟ ಅಲ್ಲೇ ಇಟ್ಟು, ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡೆ.

"ಅಜ್ಜಿ ಬಲಗೈಲಿ ತಿರುಗಿಸ್ಲಿ, ಎಡಗೈ ತಿರುಗ್ಲಿ. ಹಿಡಿಯೋಕೆ ಏನೂ ಬ್ಯಾಡ. ಅಂಗೈನ ಮಲಗಿಸ್ಬೇಕು ಅಷ್ಟೇ. ಮಾಡ್ಕೊಡು ಕಣ್ಲಾ."

"ಏನ್ ಮಾಡ್ಕೊಡ್ಲಿ? ಸೈಕಲ್ ಶಾಪ್ ಕಣಕ್ಕ ಇದು, ಆಸ್ಪತ್ರೆ ಅಲ್ಲ" ಎಂದ. ಆದರೂ ಹಳೆಯ ಸಾಮಾನಿನ ಡಬ್ಬ ಎಳೆದ.

ಆಮೇಲಿನ ಭಾನುವಾರಗಳೆಲ್ಲ ಅದರಲ್ಲೇ ಹೋದವು. ಒಂದು ಹಲಗೆ. ಅದರ ಮೇಲೆ ಮುಂಗೈ ಮಲಗಲು ಉದ್ದಕ್ಕೆ ಸೀಳಿದ ಪಿವಿಸಿ ಪೈಪು, ಒಳಗೆ ಸ್ಪಂಜು. ಪೈಪಿನ ತುದಿಯಲ್ಲಿ ಸೈಕಲ್ ಚಕ್ರದ ನಡುವಿನ ಹಬ್, ಅದಕ್ಕೆ ಸೇರಿಸಿದ ಅಂಗೈ ಅಗಲದ ಮರದ ಪಟ್ಟಿ, ಬೆರಳುಗಳ ಮೇಲೆ ಬರುವ ಹಾಗೆ ಮೆತ್ತನೆಯ ಬೆಲ್ಟುಗಳು. ಹಬ್‌ನ ಆಚೆ ಬದಿಗೆ ಒಂದು ಪೆಡಲ್. ಪೆಡಲ್ ಅರ್ಧ ಸುತ್ತು ತಿರುಗಿಸಿದರೆ ಪಟ್ಟಿಯೂ ಅದರ ಮೇಲಿನ ಅಂಗೈಯೂ ಮಗುಚಿ ಮೇಲ್ಮುಖವಾಗುತ್ತದೆ. ನೋಡಲು ಬಹಳ ವಿಕಾರವಾಗಿತ್ತು. ನನಗೆ ಅದಕ್ಕಿಂತ ಚೆಂದದ್ದು ಕುಣಿಗಲ್ಲಿನಲ್ಲೇ ಇಲ್ಲ ಅನ್ನಿಸಿತು.

ಜಗಳವಾದದ್ದು ಫ್ರೀವೀಲ್ ವಿಷಯಕ್ಕೆ. ಅದನ್ನು ಹಾಕಿದರೆ ಪಟ್ಟಿ ಟಿಕ್ ಟಿಕ್ ಎಂದು ಮುಂದಕ್ಕೆ ಮಾತ್ರ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ನನಗಂತೂ ಅದು ಬೇಕೇ ಬೇಕು. ಗಳಿಸಿದ್ದನ್ನು ಯಾಕೆ ಬಿಡಬೇಕು? ತಮ್ಮ ಬೇಡ ಎಂದ. ನಾನು ಹಾಕು ಎಂದೆ. ಹಾಕಿ, "ಮೊದ್ಲು ನೀನೇ ಕೈ ಕೊಡು" ಎಂದ. ಕೊಟ್ಟೆ. ಬೆಲ್ಟು ಬಿಗಿದು ಪೆಡಲ್ ತಿರುಗಿಸಿದೆ, ಟಿಕ್ ಟಿಕ್. ಅಂಗೈ ಮೇಲಕ್ಕೆ ಬಂತು, ಇನ್ನೂ ಸ್ವಲ್ಪ ಹೋಯಿತು, ಅಲ್ಲೇ ಸಿಕ್ಕಿಕೊಂಡಿತು. ಹಿಂದಕ್ಕೆ ತರಲಾಗದು ಎಂದು ಆಗ ತಿಳಿಯಿತು. ನೋವು ಅಷ್ಟೇನೂ ಇರಲಿಲ್ಲ. ಕೈ ನನ್ನದಲ್ಲ ಅನ್ನಿಸಿ ಹೆದರಿದೆ. "ಬಿಚ್ಚಲೇ, ಬಿಚ್ಚು!" ಎಂದು ಕೂಗಿದ್ದಕ್ಕೆ ಎದುರಿನ ಬೇಕರಿಯವರು ಓಡಿ ಬಂದರು. ತಮ್ಮ ಬೆಲ್ಟು ಬಿಚ್ಚಿ, ಫ್ರೀವೀಲ್ ತೆಗೆದು ಡಬ್ಬಕ್ಕೆ ಹಾಕಿದ. ಹೋದದ್ದು ವಾಪಸ್ ಬರಬೇಕು. ಬಂದದ್ದು ಮತ್ತೆ ಹೋಗಬೇಕು. ಫಿಸಿಯೋ ಹುಡುಗಿಯೂ ಬಂದು ಕೈ ಇಟ್ಟು ನೋಡಿ, ಅಂಗೈ ಮೇಲಕ್ಕೆ ಬಂದ ಮೇಲೆ ಇನ್ನೂ ಮುಂದಕ್ಕೆ ತಿರುಗದ ಹಾಗೆ ಒಂದು ಬೋಲ್ಟು ಹಾಕಿಸಿ, ನೋವಾದ ಕೂಡಲೇ ನಿಲ್ಲಿಸಬೇಕು ಎಂದು ಹೇಳಿ ಒಪ್ಪಿದಳು.

ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಗುಬ್ಬಿ ಬಸ್ ಹತ್ತಿದೆ. ಪೆಡಲ್ ಹೊರಗೆ ಇಣುಕುತ್ತಿತ್ತು.

"ಏನಕ್ಕ ಇದು, ಸೈಕಲ್ ತುಂಡಾಗೋಯ್ತಾ?" ಎಂದ ಕಂಡಕ್ಟರು.

"ಕೈಗೆ ಸೈಕಲ್ ಹೊಡೆಯೋದು ಕಲಿಸೋಕೆ" ಎಂದೆ.

ಅಜ್ಜಿ ಯಂತ್ರವನ್ನು ಸುತ್ತಲೂ ನೋಡಿ, ಮೂಸಿ ನೋಡಿ, ಗ್ರೀಸ್ ವಾಸನೆ ಎಂದರು. ಆದರೆ ಕೈ ಕೊಟ್ಟರು. ಎಣ್ಣೆ ತಿಕ್ಕಿ ಸಡಿಲಾದ ಕೈಯನ್ನು ಪಟ್ಟಿಯ ಮೇಲೆ ಮಲಗಿಸಿ ಬೆಲ್ಟು ಹಾಕಿದೆ. ಬಲಗೈಯಿಂದ ಪೆಡಲ್ ತಿರುಗಿಸಿದರು. ಮೆಲ್ಲಗೆ, ಬಹಳ ಮೆಲ್ಲಗೆ, ಎಡ ಅಂಗೈ ಮೇಲಕ್ಕೆ ತಿರುಗಿತು. ಬೇರೆಯವರು ಯಾರೂ ಮುಟ್ಟದೆ ತಮ್ಮ ಕೈಯನ್ನು ತಾವೇ ತಿರುಗಿಸಿದ್ದು ಅದೇ ಮೊದಲು. ಸೊಸೆ ಓಡಿ ಹೋಗಿ ವಿಭೂತಿ, ಪತ್ರೆ, ನೀರಿನ ತಂಬಿಗೆ ಎಲ್ಲ ತಂದು ಮುಂದೆ ಇಟ್ಟಳು.

"ಇವತ್ತೇ ಮಾಡ್ಬುಡಿ ಅತ್ತೆ. ಕೈ ಅಲ್ಲಾಡಲ್ಲ, ಬೆಲ್ಟ್ ಐತೆ. ಬೀಳೋ ಮಾತೇ ಇಲ್ಲ."

ನನಗೂ ಅದೇ ಆಸೆ. ಇಷ್ಟು ಬೇಗ ಮುಗಿಯಿತಲ್ಲ ಎಂದು ಒಳಗೊಳಗೇ ಕುಣಿಯುತ್ತಿದ್ದೆ. ಅಜ್ಜಿ ಬಲಗೈಯನ್ನು ಕರಡಿಗೆಯವರೆಗೆ ಒಯ್ದು ತಡೆದರು. ತಮ್ಮ ಎಡ ಅಂಗೈಯನ್ನೂ, ಅದನ್ನು ಬಿಗಿದಿದ್ದ ಬೆಲ್ಟನ್ನೂ, ಕೆಳಗಿನ ಮರವನ್ನೂ ನೋಡಿದರು.

"ಮರ ನನ್ ಕೈ ಹಿಡ್ಕೊಂಡೈತೆ. ನಾನ್ ಏನ್ ಹಿಡ್ಕೊಂಡಂಗಾಯ್ತು?" ಎಂದರು. "ಅಂಗಾದ್ರೆ ಲಿಂಗಾನ ಮರದ ಮ್ಯಾಲೇ ಇಟ್ಬುಡು. ನಾನ್ ಯಾಕೆ ಬೇಕು?"

ಸೊಸೆ ತಂದದ್ದನ್ನೆಲ್ಲ ಹಾಗೇ ಎತ್ತಿಕೊಂಡು ಹೋದಳು. ನನಗೆ ಕೆಟ್ಟ ಕೋಪ ಬಂತು. ಅಷ್ಟು ಭಾನುವಾರ ತಿಂದು ಮಾಡಿದ್ದಕ್ಕೆ ಇಂಥ ಮಾತು! ಯಂತ್ರವನ್ನು ಅಲ್ಲೇ ಬಿಟ್ಟು, ಸರಿಯಾಗಿ ಹೇಳಿ ಕೂಡ ಬರದೆ ಬಸ್ ಸ್ಟ್ಯಾಂಡಿಗೆ ನಡೆದೆ. ದಾರಿಯುದ್ದಕ್ಕೂ ಅಜ್ಜಿಯ ಜೊತೆ ಮನಸ್ಸಿನಲ್ಲೇ ವಾದ ಮಾಡಿದೆ, ಎಲ್ಲ ವಾದದಲ್ಲೂ ನಾನೇ ಗೆದ್ದೆ. ಮನೆಗೆ ಬಂದು ಬ್ಯಾಗು ಇಟ್ಟಾಗ ಗೊತ್ತಾಯಿತು, ಅಜ್ಜಿ ಹೇಳಿದ್ದು ಸರಿ. ನಾನು ಮಾಡಿದ್ದು ಕೈಗೆ ಒಂದು ಸ್ಟ್ಯಾಂಡು. ಅವರಿಗೆ ಬೇಕಾದದ್ದು ಕೈ.

ಕುಣಿಗಲ್ಲಿಗೆ ಭಾನುವಾರದವರೆಗೂ ಕಾಯಲಿಲ್ಲ. ಮಾರನೆಯ ದಿನವೇ ಹೋದೆ.

"ಪಟ್ಟಿ ಕೆಳಗಿಳೀಬೇಕು" ಎಂದೆ ತಮ್ಮನಿಗೆ. "ಇವತ್ತು ಒಂಚೂರು, ನಾಳೆ ಇನ್ನೊಂಚೂರು. ಕೈ ಮಾತ್ರ ಮೇಲೇ ಉಳೀಬೇಕು. ಕೊನೆಗೆ ಮಷೀನೇ ಬೇಕಾಗ್ಬಾರ್ದು."

"ಬೇಡವಾಗೋ ಮಷೀನ್ ಮಾಡೋಕೆ ಇಷ್ಟು ಒದ್ದಾಡ್ತಿದೀಯಾ?" ಎಂದು ನಕ್ಕ. ನಕ್ಕರೂ ಹೊಸದೊಂದು ಪಟ್ಟಿ ಮಾಡಿಕೊಟ್ಟ, ಅದನ್ನು ಗುಬ್ಬಿಗೆ ಒಯ್ದು ಯಂತ್ರದ ಹಳೆಯ ಪಟ್ಟಿಯ ಜಾಗಕ್ಕೆ ಹಾಕಿದೆ. ಪಟ್ಟಿಯ ಕೆಳಗೆ ಕೈಯಲ್ಲೇ ತಿರುಗಿಸಬಹುದಾದ ಒಂದು ಚಿಟ್ಟೆ ನಟ್ಟು. ಅದನ್ನು ಸಡಿಲಿಸಿದಷ್ಟೂ ಪಟ್ಟಿ ಅಂಗೈಯಿಂದ ಕೆಳಗೆ ಸರಿಯುತ್ತದೆ. ಬೆಲ್ಟುಗಳನ್ನೂ ಒಂದೊಂದಾಗಿ ಬಿಚ್ಚಬಹುದು. ಕೈ ಸೋತು ಬಿದ್ದರೆ ಮೆತ್ತನೆಯ ಪಟ್ಟಿ ಕೆಳಗೆ ಕಾಯುತ್ತಿರುತ್ತದೆ.

ಕೈ ನಿಜವಾಗಿ ಮಟ್ಟಸವಾಗಿ ನಿಂತಿದೆಯೋ ಇಲ್ಲವೋ ತಿಳಿಯಲು ನಾನು ಅಡುಗೆ ಮನೆಯಿಂದ ಒಂದು ನಿಂಬೆಹಣ್ಣು ತಂದು ಅಂಗೈಯ ಮೇಲಿಟ್ಟೆ. ಕರಡಿಗೆಯಷ್ಟೇ ಗಾತ್ರ. ಅಂಗೈ ಸ್ವಲ್ಪ ವಾಲಿದರೂ ಉರುಳುತ್ತದೆ. ಉರುಳಿತು. ಮಂಚದ ಕೆಳಗೆ, ಬೀರುವಿನ ಹಿಂದೆ, ಬಾಗಿಲಾಚೆ. ಆ ಮನೆಯಲ್ಲಿ ನಿಂಬೆಹಣ್ಣು ಹುಡುಕುವುದೇ ಒಂದು ಕೆಲಸವಾಯಿತು. ನನಗೆ ತಡೆಯಲಾಗದೆ ಹೋಗದ ದಿನಗಳಲ್ಲೂ ಸೊಸೆಗೆ ಫೋನ್ ಮಾಡುತ್ತಿದ್ದೆ.

"ನಿಂಬೆಹಣ್ಣು ನಿಲ್ತಾ?"

"ಇಲ್ಲ ಅಕ್ಕ. ಚಿತ್ರಾನ್ನ ಮಾಡ್ದೆ."

ದಿನಗಳು ಹೋದವು, ಆ ಸೀಸನ್ನಿನ ಮಳೆಯೂ ಹೋಯಿತು. ಕೆಲವು ಸಲ ಕೈ ಹಿಂದಿನ ವಾರಕ್ಕಿಂತ ಹಿಂದಕ್ಕೆ ಹೋಗಿರುತ್ತಿತ್ತು. ನಾನು ಗೊಣಗುತ್ತಿದ್ದೆ. ನಟ್ಟು ಇನ್ನೂ ಸ್ವಲ್ಪ ಇಳಿಸೋಣವೇ ಎಂದು ಬೆರಳು ತುರಿಸುತ್ತಿತ್ತು. ಅಜ್ಜಿ ಮಾತ್ರ ಹಾಲು ಹಾಕಲು ಬಂದವರ ಸಾಲು ಕಾದ ಹಾಗೆ ಕೂತು ಪೆಡಲ್ ತಿರುಗಿಸುತ್ತಿದ್ದರು. ಬೆಳಗಿನ ತಿಂಡಿ ಆಗಲೂ ತಣ್ಣಗಾಗುತ್ತಿತ್ತು. ಆಗಲೂ ಎರಡೇ ತುತ್ತು. ಅವರ ಮುಂಗೈ ಮೂಳೆ ನನ್ನ ಬೆರಳಿಗೆ ಸಿಗುವಾಗೆಲ್ಲ ನನಗೆ ಭಯವಾಗುತ್ತಿತ್ತು. ಕೈ ಬರುವಷ್ಟರಲ್ಲಿ ಅಜ್ಜಿಯೇ ಉಳಿಯದಿದ್ದರೆ? ಇದನ್ನು ಯಾರಿಗೂ ಹೇಳಲಿಲ್ಲ. ಬಸ್ಸಿನಲ್ಲಿ ನಿಂತು ನನಗೆ ನಾನೇ ಹೇಳಿಕೊಂಡೆ, ಬಹಳ ಸಲ.

ಒಂದು ಬೆಳಿಗ್ಗೆ ಹೋದಾಗ ಸೊಸೆ ಬಾಗಿಲಲ್ಲೇ ನಿಂತು ತುಟಿಯ ಮೇಲೆ ಬೆರಳಿಟ್ಟಳು. ಒಳಗೆ ಯಂತ್ರ ಮಂಚದ ಕೆಳಗಿತ್ತು. ಅಜ್ಜಿ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಎಡಗೈ ಎದೆಯ ಮುಂದೆ ಬರಿದಾಗಿ ಇತ್ತು. ಬೆಲ್ಟಿಲ್ಲ, ಪಟ್ಟಿಯಿಲ್ಲ. ಬೆರಳುಗಳು ಪೂರ್ತಿ ಚಾಚಿರಲಿಲ್ಲ, ತುದಿಗಳು ಒಳಕ್ಕೆ ಬಾಗಿದ್ದವು. ಆದರೆ ಅಂಗೈ ಮೇಲೆ ನೋಡುತ್ತಿತ್ತು.

ನಾನು ಅವರ ಮುಂದೆ ನೆಲದ ಮೇಲೆ ಕೂತೆ. ಅವರು ಬಲಗೈಯಿಂದ ಕರಡಿಗೆ ತೆರೆದರು. ಲಿಂಗವನ್ನು ಎತ್ತಿ ಎಡ ಅಂಗೈಯ ಮೇಲೆ ಇಟ್ಟುಕೊಂಡರು. ಅಂಗೈ ನಡುಗಿತು. ನನ್ನ ಎರಡೂ ಕೈಗಳು ತಾವಾಗಿಯೇ ಮುಂದಕ್ಕೆ ಹೋಗಿ, ಆ ಕೈಯ ಕೆಳಗೆ ಬೊಗಸೆಯಾಗಿ ನಿಂತವು. ಹುಟ್ಟಿದಾಗಿನಿಂದ ಅವಕ್ಕೆ ಗೊತ್ತಿರುವುದು ಅದೊಂದೇ.

"ಕೈ ತೆಗಿ" ಎಂದರು ಅಜ್ಜಿ, ಲಿಂಗದಿಂದ ಕಣ್ಣು ಕದಲಿಸದೆ.

ತೆಗೆದೆ. ಎಲ್ಲಿಡಬೇಕೋ ತಿಳಿಯದೆ ತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ಕೂತೆ. ಅಂಗೈ ಮತ್ತೆ ನಡುಗಿತು, ಒಂದು ಕಡೆಗೆ ವಾಲಿತು. ಅಜ್ಜಿ ಉಸಿರು ಬಿಟ್ಟರು. ಕೈ ಮಟ್ಟಕ್ಕೆ ಬಂತು, ನಿಂತಿತು. ಅವರು ವಿಭೂತಿ ಹಚ್ಚಿದರು. ಪತ್ರೆ ಇಟ್ಟರು. ಆಮೇಲೆ ನೋಡುತ್ತಾ ಕೂತರು. ಹೊರಗೆ ಯಾರೋ ಹೂವು ಎಂದು ಕೂಗಿಕೊಂಡು ಹೋದರು. ನನಗೆ ಎಲ್ಲಿಗಾದರೂ ಹೋಗಬೇಕು ಅನ್ನಿಸಲಿಲ್ಲ.

ದೊಡ್ಡ ಪೂಜೆಯೇನಲ್ಲ, ಆ ಕೈ ತಡೆಯುವಷ್ಟೇ. ಲಿಂಗವನ್ನು ಮತ್ತೆ ಕರಡಿಗೆಯೊಳಗೆ ಇಟ್ಟು, ಅದನ್ನು ಎದೆಗೆ ಒತ್ತಿಕೊಂಡು, ಆಮೇಲೆಯೇ ಅವರು ಎಡಗೈಯನ್ನು ಮಡಿಲಿಗೆ ಇಳಿಸಿದರು. ಅದು ಅಲ್ಲಿ ಸುಸ್ತಾಗಿ ಮಲಗಿತು.

"ತಿಂಡಿ ತಾ" ಎಂದರು ಒಳಗಡೆಗೆ.

ಸೊಸೆ ಎರಡು ತಟ್ಟೆ ತಂದಳು. ಉಪ್ಪಿಟ್ಟು, ಹಬೆಯಾಡುತ್ತಿತ್ತು. ಅಜ್ಜಿ ಒಂದು ತುತ್ತು ಬಾಯಿಗಿಟ್ಟುಕೊಂಡು ನಿಧಾನಕ್ಕೆ ಅಗಿದರು. ಹುಬ್ಬು ಗಂಟಿಕ್ಕಿತು.

"ಏನೇ ಇದು? ಉಪ್ಪು ಜಾಸ್ತಿ ಆಗೈತೆ. ಎಷ್ಟ್ ವರ್ಸ ಆಯ್ತು ನಿಂಗೆ ಈ ಮನೆಗ್ ಬಂದು?"

ಸೊಸೆ ಸೌಟು ಹಿಡಿದುಕೊಂಡು ಅಲ್ಲೇ ನಿಂತಳು. ಬಾಯಿಗೆ ಸೆರಗು ಒತ್ತಿಕೊಂಡಳು, ಕಣ್ಣೀರು ಸುರಿಯುತ್ತಲೇ ಇತ್ತು. "ನಾಳೆ ಕಮ್ಮಿ ಹಾಕ್ತೀನಿ ಅತ್ತೆ" ಎಂದಳು. ಅಜ್ಜಿ ಗೊಣಗುತ್ತಲೇ ಇನ್ನೊಂದು ತುತ್ತು ತೆಗೆದುಕೊಂಡರು, ಆಮೇಲೆ ಮತ್ತೊಂದು.

ನಾನು ನನ್ನ ತಟ್ಟೆಯದನ್ನು ತಿಂದು ನೋಡಿದೆ. ಉಪ್ಪು ಸರಿಯಾಗಿಯೇ ಇತ್ತು.